ಪಳಗಿದ ಕೈಯೂ ಹೊಸ ಯಂತ್ರವೂ

ಕಳೆದ ಮಾಘಮಾಸದಲ್ಲಿ ಬಂಧುಗಳ ಮನೆಯ ಮದುವೆಗೆಂದು ರಾಯದುರ್ಗಕ್ಕೆ ಹೋಗಿದ್ದೆನು. ಮಂಟಪದ ಬಳಿ ವಿಡಿಯೋ ತೆಗೆಯುತ್ತಿದ್ದ ತರುಣನೊಬ್ಬನು ಬಂದು ನಮಸ್ಕರಿಸಿದಾಗ ಗುರುತು ಹತ್ತಿತು. ಮಡಕಶಿರದ ಕಡೆಯ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗ. ಹದಿನೈದು ವರ್ಷಗಳಿಂದ ರಾಯದುರ್ಗದಲ್ಲಿ ಅಂಗಡಿಯಿಟ್ಟು, ಮದುವೆ, ಮುಂಜಿ, ಗೃಹಪ್ರವೇಶಗಳ ವಿಡಿಯೋ ತೆಗೆದು, ತಾನೇ ಸಂಕಲನ ಮಾಡಿಕೊಟ್ಟು ಸಂಸಾರ ನಡೆಸುತ್ತಿದ್ದಾನೆ. ಊಟವಾದ ಮೇಲೆ ತನ್ನ ಅಂಗಡಿಗೆ ಕರೆದೊಯ್ದನು. ಮುಖದಲ್ಲಿ ಮಾತ್ರ ಕಳೆಯಿರಲಿಲ್ಲ.

“ಮೇಷ್ಟ್ರೇ, ಈ ಕಸುಬನ್ನೇ ಬಿಟ್ಟುಬಿಡೋಣ ಅನ್ನಿಸಿದೆ” ಎಂದನು.

ಕಾರಣವನ್ನು ಕೇಳಿದೆ. ಅವನು ಬಹುಕಾಲದಿಂದ ಬಳಸುತ್ತಿದ್ದ ಸಂಕಲನದ ತಂತ್ರಾಂಶಕ್ಕೆ ಹೊಸ ಆವೃತ್ತಿ ಬಂದಿತ್ತು. ಒಳ್ಳೆಯದೇ ಇರಬಹುದೆಂದು ಕಂಪ್ಯೂಟರಿಗೆ ಹಾಕಿಕೊಂಡನಂತೆ. ತೆರೆದು ನೋಡಿದರೆ ಪರದೆಯ ರೂಪವೇ ಬದಲಾಗಿದೆ. ಕೈ ಹೋದಲ್ಲಿ ಗುಂಡಿಯಿಲ್ಲ. ಗುಂಡಿಯಿದ್ದಲ್ಲಿ ಕೈ ಹೋಗದು. ಮರಳಿ ಹಳೆಯದಕ್ಕೆ ಹೋಗೋಣವೆಂದರೆ, ಹೊಸದರಲ್ಲಿ ಉಳಿಸಿದ ಕೆಲಸವನ್ನು ಹಳೆಯದು ತೆರೆಯಲೊಲ್ಲದು. ಅರ್ಧ ದಿನದ ಕೆಲಸಕ್ಕೆ ಮೂರು ದಿನ ಹಿಡಿಯತೊಡಗಿತು. ಮಾತು ಕೊಟ್ಟ ದಿನ ಮೀರಿತೆಂದು ಒಂದು ಮನೆಯವರು ಮುಂಗಡವನ್ನು ಹಿಂದಕ್ಕೆ ಪಡೆದು ಹೋಗಿದ್ದರು.

“ಕಣ್ಣು ಮುಚ್ಚಿಕೊಂಡು ಕತ್ತರಿಸ್ತಿದ್ದೆ ಮೇಷ್ಟ್ರೇ. ಈಗ ಕತ್ತರಿ ಎಲ್ಲಿದೆ ಅಂತ ಹುಡುಕಬೇಕು” ಎಂದಾಗ ಅವನ ದನಿ ಕುಗ್ಗಿತ್ತು.

ಊರಿಗೆ ಮರಳಿದ ಮೇಲೆ ಈ ವಿಷಯವನ್ನು ಕುರಿತು ಓದಿದೆ, ಬಲ್ಲವರನ್ನು ಕೇಳಿದೆ. ನಮ್ಮ ಹುಡುಗನ ಸಂಕಟವು ಅವನೊಬ್ಬನದಲ್ಲ, ಪ್ರಪಂಚದ ದೊಡ್ಡ ದೊಡ್ಡ ಸಂಕಲನಕಾರರೂ ಇದನ್ನು ಉಂಡಿದ್ದಾರೆ ಎಂಬುದು ಆಗ ತಿಳಿಯಿತು.

ಸಂಕಲನದ ಪರದೆಯ ಕೆಳಭಾಗದಲ್ಲಿ ಒಂದರ ಮೇಲೊಂದು ಪಟ್ಟಿಗಳಿರುತ್ತವೆ. ಒಂದರಲ್ಲಿ ಚಿತ್ರ, ಇನ್ನೊಂದರಲ್ಲಿ ಪುರೋಹಿತರ ಮಂತ್ರ, ಮತ್ತೊಂದರಲ್ಲಿ ನಾದಸ್ವರ. ಇವಕ್ಕೆ ಟ್ರ್ಯಾಕ್ ಎಂದು ಹೆಸರು. ಯಾವುದು ಎಲ್ಲಿದೆ ಎಂಬುದು ಪಳಗಿದ ಸಂಕಲನಕಾರನಿಗೆ, ಗೃಹಿಣಿಗೆ ತನ್ನ ಅಡುಗೆಮನೆಯ ಡಬ್ಬಿಗಳಿದ್ದಂತೆ. ಕತ್ತಲಲ್ಲಿಯೂ ಕೈ ತಪ್ಪದು. 2011ರ ಜೂನ್ 21ರಂದು ಆಪಲ್ ಸಂಸ್ಥೆಯು ತನ್ನ ಹೆಸರಾಂತ ‘ಫೈನಲ್ ಕಟ್ ಪ್ರೊ’ ತಂತ್ರಾಂಶವನ್ನು ಬುಡದಿಂದ ಹೊಸದಾಗಿ ರಚಿಸಿ ಹೊರತಂದಿತು. ಅದರಲ್ಲಿ ಈ ಟ್ರ್ಯಾಕುಗಳೇ ಇರಲಿಲ್ಲ. ಒಂದು ತುಣುಕನ್ನು ತೆಗೆದರೆ ಉಳಿದವು ಅಯಸ್ಕಾಂತಕ್ಕೆ ಸೆಳೆದಂತೆ ತಾವೇ ಬಂದು ಕೂಡಿಕೊಳ್ಳುವ ಹೊಸ ಏರ್ಪಾಡು ಅದರಲ್ಲಿತ್ತು. ಯೋಚನೆ ಜಾಣತನದ್ದೇ. ಆದರೆ ಹಳೆಯ ಆವೃತ್ತಿಯಲ್ಲಿ ಮಾಡಿಟ್ಟ ಕೆಲಸವನ್ನು ಹೊಸದು ತೆರೆಯುತ್ತಿರಲಿಲ್ಲ. ಹಲವು ಕ್ಯಾಮರಾಗಳ ದೃಶ್ಯಗಳನ್ನು ಒಟ್ಟಿಗೆ ಹೊಂದಿಸುವ ಸೌಕರ್ಯವೂ ಮೊದಲಿಗೆ ಇಲ್ಲವಾಗಿತ್ತು. ಹಳೆಯದರ ಮಾರಾಟವನ್ನೂ ನಿಲ್ಲಿಸಿಬಿಟ್ಟರು. ವೃತ್ತಿನಿರತರು ಕೆರಳಿದರು, ಮನವಿಗಳನ್ನು ಬರೆದರು. ಅನೇಕರು ಬೇರೆ ಸಂಸ್ಥೆಗಳ ತಂತ್ರಾಂಶಗಳಿಗೆ ವಲಸೆ ಹೋದರು. ಬಿಟ್ಟುಹೋದ ಹಲವು ಸೌಕರ್ಯಗಳನ್ನು ಸಂಸ್ಥೆಯು ಒಂದೊಂದಾಗಿ ಮರಳಿ ತಂದಿತು. ಹಲವು ಕ್ಯಾಮರಾಗಳ ಸೌಕರ್ಯವು 2012ರ ಜನವರಿಯಲ್ಲಿ ಬಂದಿತು.

ಇದನ್ನು ಓದುವಾಗ ನನ್ನ ಶಿಕ್ಷಕ ತರಬೇತಿಯ ದಿನಗಳು ನೆನಪಾದವು. ಅಲ್ಲಿ ನಮಗೆ ಮೊದಲು ಕಲಿಸಿದ ಬೋಧನಾ ಸೂತ್ರವೇ ‘ತಿಳಿದುದರಿಂದ ತಿಳಿಯದುದರ ಕಡೆಗೆ’ ಎಂಬುದು. ಮಗುವಿಗೆ ಗೊತ್ತಿರುವುದನ್ನು ಹಿಡಿದೇ ಗೊತ್ತಿಲ್ಲದ್ದರ ಹೊಸ್ತಿಲನ್ನು ದಾಟಿಸಬೇಕು. ಹೊಸ ಯಂತ್ರವನ್ನು ಮಾಡಿದವರು ಎಷ್ಟೇ ಮೇಧಾವಿಗಳಾದರೂ ಈ ಹೊಸ್ತಿಲನ್ನು ಮರೆತರು. ಹೊಸ ಮನೆ ಕಟ್ಟಿದ್ದು ತಪ್ಪಲ್ಲ. ಒಳಗಿದ್ದವರು ಸಾಮಾನು ಸಾಗಿಸುವ ಮೊದಲೇ ಹಳೆಯ ಮನೆಗೆ ಬೀಗ ಹಾಕಿದ್ದು ತಪ್ಪು.

ಹಾಗೆಂದು ಕಲಿಯುವವನು ಕೈಕಟ್ಟಿ ಕೂಡಬೇಕೆ? ಗುರುವು ಸೂತ್ರವನ್ನು ಮರೆತರೆ ಶಿಷ್ಯನೇ ಅದನ್ನು ತನಗೆ ಅನ್ವಯಿಸಿಕೊಳ್ಳಬೇಕು. ವಾಲ್ಟರ್ ಮರ್ಚ್ ಎಂಬ ಅಮೆರಿಕದ ಪ್ರಸಿದ್ಧ ಸಂಕಲನಕಾರರು ಫಿಲ್ಮನ್ನು ಕೈಯಿಂದಲೇ ಕತ್ತರಿಸಿ ಅಂಟಿಸುತ್ತ ಬೆಳೆದವರು. 1996ರ ‘ದಿ ಇಂಗ್ಲಿಷ್ ಪೇಷಂಟ್’ ಚಿತ್ರವನ್ನು ಹಾಗೆಯೇ ಪ್ರಾರಂಭಿಸಿ, ನಡುವೆ ಕಂಪ್ಯೂಟರಿಗೆ ಬದಲಾದರು. ಆ ಚಿತ್ರದ ಸಂಕಲನಕ್ಕೆ ಆಸ್ಕರ್ ಪ್ರಶಸ್ತಿ ಬಂದಿತು. ಇತ್ತ 2019ರಲ್ಲಿ ತೆರೆಕಂಡ ಕೊರಿಯಾದ ‘ಪ್ಯಾರಸೈಟ್’ ಚಿತ್ರವನ್ನು ಸಂಕಲಿಸಿದವರು, ಮಾರಾಟ ನಿಂತು ಹಲವು ವರ್ಷಗಳಾಗಿದ್ದ ಹಳೆಯ ಫೈನಲ್ ಕಟ್ ಪ್ರೊದಲ್ಲಿಯೇ ಕೆಲಸ ಮುಗಿಸಿದರು. ಒಬ್ಬರು ಬದಲಾದರು, ಇನ್ನೊಬ್ಬರು ಬದಲಾಗಲಿಲ್ಲ. ಇಬ್ಬರ ಚಿತ್ರಗಳೂ ಲೋಕಮಾನ್ಯವಾದವು. ಎಂದ ಮೇಲೆ ವಿದ್ಯೆಯು ಗುಂಡಿಯಲ್ಲಿಲ್ಲ ಎಂಬುದು ಸ್ಪಷ್ಟ.

ಗಡಿನಾಡಿನವರಾದ ನಮಗೆ ಇದು ಹೊಸ ಪಾಠವೇನಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚನೆಯಾದಾಗ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿತು. ಮಡಕಶಿರವೋ, 2022ರಲ್ಲಿ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಕಚೇರಿಯ ಕಾಗದಗಳು ಕಾಲಕ್ರಮದಲ್ಲಿ ತೆಲುಗಿಗೆ ತಿರುಗಿದಾಗ ನಮ್ಮ ಹಿರಿಯರು ಅದನ್ನು ಕಲಿತದ್ದು ಹೇಗೆ? ಬಲ್ಲ ಕನ್ನಡದ ಅಕ್ಷರಗಳನ್ನೇ ಊರುಗೋಲಾಗಿ ಹಿಡಿದು. ಎರಡೂ ಲಿಪಿಗಳು ಅಕ್ಕತಂಗಿಯರಲ್ಲವೆ? ‘ತ’ಕಾರ, ‘ಶ’ಕಾರಗಳಲ್ಲಿ ತುಸು ಎಡವಿದರು, ಉಳಿದವನ್ನು ಹೋಲಿಕೆಯಿಂದ ಹಿಡಿದರು. ಹೊಸದನ್ನು ಕಲಿತರು, ಮನೆಯೊಳಗಿನ ಕನ್ನಡವನ್ನು ಬಿಡಲಿಲ್ಲ.

ಈ ಮಾತನ್ನೇ ಆ ಹುಡುಗನಿಗೆ ದೂರವಾಣಿಯಲ್ಲಿ ಹೇಳಿದೆ. “ಹೊಸದರಲ್ಲಿಯೂ ಹಳೆಯದರಂತೆಯೇ ಇರುವುದು ಏನೇನು, ಒಂದು ಪಟ್ಟಿ ಮಾಡಪ್ಪಾ” ಎಂದೆ. ಎರಡು ದಿನ ಬಿಟ್ಟು ಓದಿ ಹೇಳಿದನು. ಹಿಂದಕ್ಕೆ ಓಡಿಸಲು ‘ಜೆ’, ನಿಲ್ಲಿಸಲು ‘ಕೆ’, ಮುಂದಕ್ಕೆ ‘ಎಲ್’. ತುಣುಕಿನ ಮೊದಲಿಗೆ ‘ಐ’, ಕೊನೆಗೆ ‘ಓ’. ಈ ಐದು ಕೀಲಿಗಳು ಬಹುತೇಕ ಎಲ್ಲ ಸಂಕಲನ ತಂತ್ರಾಂಶಗಳಲ್ಲಿಯೂ ಒಂದೇ ಎಂದು ಅವನಿಗೇ ಆಶ್ಚರ್ಯ. ಉಳಿದ ಕೀಲಿಗಳನ್ನೂ ತನ್ನ ಹಳೆಯ ರೂಢಿಗೆ ತಕ್ಕಂತೆ ಹೊಂದಿಸಿಕೊಳ್ಳಲು ಅವಕಾಶವಿರುವುದು ಹುಡುಕುವಾಗ ಕಣ್ಣಿಗೆ ಬಿದ್ದಿತಂತೆ. ಇನ್ನೂ ಹೊಸದರಲ್ಲಿ ತೆರೆಯದಿದ್ದ ಕೆಲಸಗಳನ್ನು ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿಯಿಂದಲೇ ಮುಗಿಸಿದನು. ಹೊಸದನ್ನು ಮದುವೆಯಂಥ ದೊಡ್ಡ ಕೆಲಸದ ಮೇಲೆ ಪ್ರಯೋಗಿಸದೆ, ಪಕ್ಕದ ಮನೆಯ ನಾಮಕರಣದ ಚಿಕ್ಕ ವಿಡಿಯೋದ ಮೇಲೆ, ಹಣ ಪಡೆಯದೆ, ಕೈ ಪಳಗಿಸಿಕೊಂಡನು. ಮುಂಗಡ ಹಿಂಪಡೆದ ಮನೆಯವರು ಮಾತ್ರ ಮತ್ತೆ ಬರಲಿಲ್ಲ. ಆ ನಷ್ಟ ನಷ್ಟವೇ.

ಶ್ರಾವಣದಲ್ಲಿ ನಮ್ಮ ಬಂಧುಗಳ ಮದುವೆಯ ವಿಡಿಯೋ ಕೈಸೇರಿತು. ಹೊಸ ಆವೃತ್ತಿಯಲ್ಲಿಯೇ ಸಂಕಲಿಸಿದ್ದನು. ತಡವಾಗಿದ್ದಕ್ಕೆ ಅವರು ಗೊಣಗಿದರು. ನೋಡಿದ ಮೇಲೆ ಸುಮ್ಮನಾದರು. ಧಾರೆಯ ಹೊತ್ತಿಗೆ ವಧೂವರರನ್ನು ಬಿಟ್ಟು, ನೀರೆರೆಯುವ ತಂದೆಯ ನಡುಗುವ ಕೈಯನ್ನು ಕೆಲವು ಕ್ಷಣ ಹೆಚ್ಚಾಗಿಯೇ ನಿಲ್ಲಿಸಿದ್ದನು. ನಾದಸ್ವರವನ್ನು ತಗ್ಗಿಸಿ ನೀರಿನ ಸದ್ದು ಕೇಳುವಂತೆ ಮಾಡಿದ್ದನು. ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಹಳೆಯ ಯಂತ್ರವೂ ಅವನಿಗೆ ಹೇಳಿಕೊಟ್ಟಿರಲಿಲ್ಲ, ಹೊಸ ಯಂತ್ರವೂ ಕಿತ್ತುಕೊಂಡಿರಲಿಲ್ಲ.

ವಾಚಕರ ಮನೆಗಳಲ್ಲಿಯೂ ಅಂಗಡಿ, ಬ್ಯಾಂಕು, ಕಚೇರಿಗಳಲ್ಲಿ ದುಡಿಯುವ ಮಕ್ಕಳಿರುವರು. ಪರದೆ ಬದಲಾದ ದಿನ ಅವರು ಮುಖ ಬಾಡಿಸಿಕೊಂಡು ಬಂದರೆ, ‘ಇಷ್ಟು ವರ್ಷದ ಅನುಭವವಿದ್ದೂ ಬರುವುದಿಲ್ಲವೆ’ ಎಂದು ಹಂಗಿಸಬೇಡಿರಿ. ಬಲ್ಲದ್ದು ಏನು ಉಳಿದಿದೆ ಎಂದು ಕೇಳಿರಿ. ಅಲ್ಲಿಂದಲೇ ಪಾಠ ಪ್ರಾರಂಭವಾಗಲಿ.