ಸ್ಥಲವು ನುಡಿಯುವ ಕಾಲ



'ಸ್ಥಲ' ಎಂಬ ಶಬ್ದಕ್ಕೆ ನಮ್ಮ ಧರ್ಮದಲ್ಲಿ ಗಂಭೀರವಾದ ಅರ್ಥವುಂಟು. ಲೋಕರೂಢಿಯಲ್ಲಿ ಅದು ಜಾಗ. ಷಟ್‌ಸ್ಥಲ ಸಿದ್ಧಾಂತದಲ್ಲಿ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಸಾಧಕನು ಏರುವ ಮೆಟ್ಟಿಲು. ತಾನು ನಿಂತ ನೆಲೆಯನ್ನು ಅರಿಯದವನು ಮುಂದಿನ ನೆಲೆಗೆ ಕಾಲಿಡಲಾರನೆಂಬ ಭಾವ ಎರಡರಲ್ಲಿಯೂ ಅಡಗಿದೆ. ಇದು ಮತ್ತೊಮ್ಮೆ ನೆನಪಾದುದು ಬೆಂಗಳೂರಿನ ದೊಮ್ಮಲೂರಿನಲ್ಲಿ.

ಅಲ್ಲಿಯ ಭಕ್ತರೊಬ್ಬರ ಮನೆಯಲ್ಲಿ ಲಿಂಗಪೂಜೆ, ಪ್ರಸಾದಗಳು ಮುಗಿದ ಬಳಿಕ ಅವರ ಮಗನು ನನ್ನ ಬಳಿ ಬಂದು ಕುಳಿತನು. ಚಿತ್ರ, ಧ್ವನಿ, ಕಥೆಗಳನ್ನು ಹೆಣೆದು ಮೊಬೈಲಿಗೆ ಅಳವಡಿಸುವುದು ಅವನ ಉದ್ಯೋಗ. "ಗುರುಗಳೇ, ನೀವು ಒಂದು ಹಳೆಯ ಬೀದಿಯಲ್ಲಿ ನಡೆಯುತ್ತಿದ್ದರೆ, ಆಯಾ ಜಾಗಕ್ಕೆ ಬಂದೊಡನೆ ಅಲ್ಲಿಯ ಕಥೆ ತಾನಾಗಿಯೇ ನಿಮ್ಮ ಕಿವಿಗೆ ಕೇಳುವಂತೆ ಮಾಡುತ್ತೇವೆ" ಎಂದನು. ಅದು ಹೇಗೆಂದು ಕೇಳಿದೆ. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಪೈಕಿ ಕನಿಷ್ಠ ನಾಲ್ಕರ ಸಂಕೇತಗಳು ಮೊಬೈಲಿಗೆ ತಲಪುತ್ತವೆ. ಅವು ಬಂದು ಸೇರಲು ತೆಗೆದುಕೊಂಡ ಕಾಲವನ್ನು ಲೆಕ್ಕಹಾಕಿ, ನಾವು ನಿಂತ ಜಾಗವನ್ನು ಕೆಲವೇ ಮೀಟರುಗಳ ಅಂತರದಲ್ಲಿ ಅದು ಗುರುತಿಸುತ್ತದೆ. ನಮ್ಮ ಇಸ್ರೋ ಸಂಸ್ಥೆಯೂ ಇಂಥದೇ ಕಾರ್ಯಕ್ಕಾಗಿ 2013ರಿಂದ 2016ರವರೆಗೆ ಏಳು ಉಪಗ್ರಹಗಳನ್ನು ಹಾರಿಸಿತು.

"ಹಾಗಾದರೆ ನಿಮ್ಮ ದೊಮ್ಮಲೂರು ಏನು ನುಡಿಯುತ್ತದೆ, ತಮ್ಮಾ?" ಎಂದೆ. ಅವನು ನಕ್ಷೆಯನ್ನು ತೆರೆದನು. ಹೋಟೆಲುಗಳು, ಬಟ್ಟೆಯ ಅಂಗಡಿಗಳು, ಕಚೇರಿಗಳು ಸಾಲುಗಟ್ಟಿ ಬಂದವು. ಚೊಕ್ಕನಾಥಸ್ವಾಮಿ ದೇವಾಲಯದ ಹೆಸರೂ ಇತ್ತು. ಆದರೆ ಅಲ್ಲಿಯ ಕಲ್ಲುಗಳು ಏನನ್ನು ಹೇಳುತ್ತಿವೆ ಎಂಬುದು ಇರಲಿಲ್ಲ. ಹುಡುಗನ ಮುಖ ಸಣ್ಣದಾಯಿತು. ಸಂಜೆ ಮನೆಮಂದಿಯೆಲ್ಲ ಕೂಡಿ ಅಲ್ಲಿಗೆ ಹೋದೆವು.

ಆ ದೇವಾಲಯದ ತಮಿಳು ಶಾಸನಗಳಲ್ಲಿ ಈ ಊರಿಗೆ ತೊಂಬಲೂರು ಎಂದೂ ದೇಸಿಮಾಣಿಕ್ಕಪಟ್ಟಣ ಎಂದೂ ಹೆಸರು. ಹೊಯ್ಸಳ ವೀರರಾಮನಾಥನ 1290ರ ಶಾಸನವು ಊರಿನ ಆದಾಯದ ಒಂದಂಶವನ್ನು ದೇವರಿಗೆ ಬಿಟ್ಟುದನ್ನು ತಿಳಿಸುತ್ತದೆ. ವಿಜಯನಗರದ ಇಮ್ಮಡಿ ದೇವರಾಯನ ಕಾಲದ ದತ್ತಿಯೂ ಉಂಟು. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಅರಸರ ದಾನವಲ್ಲ. ಅಳಗಿಯಾರ್ ಎಂಬವನು ಬಾಗಿಲಿನ ಎರಡು ನಿಲುಗಂಬಗಳನ್ನು ಮಾಡಿಸಿಕೊಟ್ಟನೆಂದು 1270ರ ಶಾಸನ ಹೇಳುತ್ತದೆ. ಕೊಟ್ಟದ್ದು ಎರಡೇ ಕಂಬ. ಉಳಿದ ನೆನಪು ಏಳೂವರೆ ಶತಮಾನ! ಇದನ್ನು ಕೇಳಿ ಆ ಮನೆಯ ತಾಯಿ, "ನಲವತ್ತು ವರ್ಷದಿಂದ ಇದೇ ಊರಿನಲ್ಲಿದ್ದೇವೆ ಗುರುಗಳೇ, ಈ ಬಾಗಿಲನ್ನು ಎಷ್ಟು ಸಲ ದಾಟಿದ್ದೇನೋ, ಅಕ್ಷರಗಳನ್ನು ನೋಡಿಯೇ ಇರಲಿಲ್ಲ" ಎಂದು ನೊಂದುಕೊಂಡರು.

ಇಷ್ಟಲಿಂಗವನ್ನು ಕರದಲ್ಲಿ ಧರಿಸಿ, ಸ್ಥಾವರವನ್ನು ಅಲ್ಲಗಳೆದ ಶರಣರ ಮಾರ್ಗದವರಾದ ನಮಗೆ ಕಲ್ಲಿನ ಗುಡಿಯ ಚಿಂತೆ ಏಕೆ, ಅದೂ ವೈಷ್ಣವ ದೇವಾಲಯದ್ದು, ಎಂದು ಕೆಲವರು ಕೇಳಬಹುದು. ಶರಣರು ಕಲ್ಲನ್ನು ದೇವರೆನ್ನಲಿಲ್ಲ, ನಿಜ. ಆದರೆ ಕಲ್ಲು ನುಡಿಯುವ ಸಾಕ್ಷ್ಯವನ್ನು ಅಳಿಸಿರೆಂದು ಅವರು ಹೇಳಲಿಲ್ಲ. ಬಸವಣ್ಣನವರ ಕಾಲವನ್ನೂ ಸಮಕಾಲೀನರನ್ನೂ ಅರಿಯುವುದಕ್ಕೆ ಶಾಸನಗಳೇ ನಮಗೆ ಊರುಗೋಲಾಗಿವೆ. ಆ ಉಪಕಾರವನ್ನು ಪಡೆದವರು ಅನ್ಯರ ಬಾಗಿಲಿನ ಶಾಸನವನ್ನು ಅನ್ಯವೆನ್ನಬಾರದು.

ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕ ಗ್ರಂಥಮಾಲೆಯಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಶತಮಾನದ ಹಿಂದೆಯೇ ಪ್ರಕಟಿಸಿದರು. ಅಂದು ದಾಖಲಾದ ಕಲ್ಲುಗಳಲ್ಲಿ ಅನೇಕವು ರಸ್ತೆ, ಬಡಾವಣೆಗಳ ಅಡಿಯಲ್ಲಿ ಕಣ್ಮರೆಯಾದವು. ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ಶಾಸನವು ಚರಂಡಿಯ ಕಾಮಗಾರಿಯ ನಡುವೆ ಉಳಿದುದೇ ಪುಣ್ಯ. ಇದನ್ನರಿತು, 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರಿನ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ತೆಗೆಯುವ ಕಾರ್ಯಕ್ಕೆ ತೊಡಗಿತು. ಕಲ್ಲು ಇರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಸರ್ವರಿಗೂ ತೆರೆದಿಟ್ಟಿರುವುದು ಅದರ ವಿಶೇಷ. ಆಧಾರ ಸಿದ್ಧವಾಗಿದೆ. ಅದನ್ನು ಮಕ್ಕಳಿಗೆ ತಿಳಿಯುವ ಕಥೆಯಾಗಿ, ಕಿವಿಗೆ ಇಂಪಾದ ಧ್ವನಿಯಾಗಿ ಮಾಡಬಲ್ಲ ಕಲಾವಿದರು ಬೇಕಾಗಿದ್ದಾರೆ.

ಇಂಥವರ ದುಡಿಮೆಗೆ ಇಂದು 'ಸೃಜನಶೀಲ ಉದ್ಯಮ' ಎಂಬ ಹೆಸರಿದೆ. ಉದ್ಯಮವೆಂದ ಮೇಲೆ ಹಣ ಕೊಡುವವರ ಕಡೆಗೆ ಅದು ವಾಲುವುದು ಸಹಜ. ಅಂಗಡಿಯವರು ಜಾಹೀರಾತಿಗೆ ಹಣ ಕೊಡುತ್ತಾರೆ. ಅಳಗಿಯಾರನ ಪರವಾಗಿ ಕೊಡುವವರಾರು? ಡಾ. ಫ. ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಹುಡುಕಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, 1926ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿದರು. ಅಂದಿಗೆ ಅಚ್ಚುಮೊಳೆಯೇ ಹೊಸ ಮಾಧ್ಯಮ. ಅದು ಅವರ ಕೈಯಲ್ಲಿ ಕಾಯಕವಾಯಿತು, ದಾಸೋಹವಾಯಿತು. ಮಠಗಳೂ ಸಂಘಗಳೂ ಉತ್ಸವದ ಫಲಕಗಳಿಗೆ, ಸ್ಮರಣ ಸಂಚಿಕೆಗಳಿಗೆ ವೆಚ್ಚ ಮಾಡುವ ಹಣದಲ್ಲಿ ಒಂದು ಪಾಲನ್ನು ಈ ಯುವಕರ ಕಾಯಕಕ್ಕೆ ತೆಗೆದಿಡಬಾರದೇಕೆ?

ಯುವಕರಿಗೂ ಒಂದು ಮಾತು. ಶಾಸನದಲ್ಲಿ ಇಲ್ಲದ ಪವಾಡವನ್ನು ಕಥೆಗೆ ಸೇರಿಸಬೇಡಿ. ಹುಸಿ ಬೆರೆತರೆ ಸ್ಥಲಕ್ಕೂ ದ್ರೋಹ, ಕೇಳುವವನಿಗೂ ದ್ರೋಹ. ಕಿವಿಯಲ್ಲಿ ನುಡಿಯುವ ಯಂತ್ರವು ಎದುರಿಗಿರುವ ಮನುಷ್ಯನ ಮಾತಿಗೆ ಅಡ್ಡವಾಗಬಾರದು. ಸ್ಥಾವರವಾದ ಕಲ್ಲಿಗೆ ಜಂಗಮಶೀಲವಾದ ನುಡಿ ಬೇಕು, ದಿಟ. ಆದರೆ ಆ ನುಡಿ ಒಬ್ಬರಿಂದ ಇನ್ನೊಬ್ಬರಿಗೆ ಹರಿದಾಗಲೇ ಚೈತನ್ಯ.

ಗೃಹಸ್ಥ ಬಂಧುಗಳು ಈ ತಿಂಗಳು ಒಂದು ಕಾರ್ಯ ಮಾಡಿರಿ. ನಿಮ್ಮ ಊರಿನ ಮಠ, ಗುಡಿ, ಕೆರೆಯ ಏರಿಗಳ ಬಳಿ ಅಕ್ಷರವಿರುವ ಕಲ್ಲನ್ನು ಮಕ್ಕಳೊಡನೆ ಹುಡುಕಿರಿ. ಅದಕ್ಕೆ ಬಣ್ಣ, ಸುಣ್ಣ ಬಳಿಯದಂತೆ ತಿಳಿಯಹೇಳಿರಿ. ಚಿತ್ರ ತೆಗೆದು, ಜಾಗವನ್ನು ಗುರುತಿಸಿ, ಬಲ್ಲವರಿಗೆ ತಲಪಿಸಿರಿ.

ಅಂದು ಹಿಂದಿರುಗುವಾಗ ಆ ಹುಡುಗನು ಮೊಬೈಲನ್ನು ಜೇಬಿನಲ್ಲಿಟ್ಟು, ತಾಯಿಗೆ ಎರಡು ಕಂಬಗಳ ಕಥೆಯನ್ನು ತಾನೇ ಮತ್ತೊಮ್ಮೆ ಹೇಳುತ್ತ ನಡೆದನು. ನಾನು ಸುಮ್ಮನೆ ಕೇಳುತ್ತ ಹಿಂದೆ ಬಂದೆ.