ಹಂದಿಜ್ವರ, ಹಕ್ಕಿಜ್ವರ: ಹೆಸರಿನ ಹಿಂದಿನ ಗೊಂದಲ

2022ರ ಜುಲೈಯಲ್ಲಿ ವಯನಾಡಿನ ಮಾನಂತವಾಡಿ ಪರಿಸರದ ಹಂದಿ ಫಾರಂಗಳಲ್ಲಿ ಆಫ್ರಿಕನ್ ಹಂದಿಜ್ವರ ದೃಢಪಟ್ಟು ನೂರಾರು ಹಂದಿಗಳನ್ನು ಕೊಲ್ಲಲಾಯಿತು. ಮಲಯಾಳದಲ್ಲಿ ಜನ ಇದನ್ನು ಕರೆದದ್ದು ‘ಪನ್ನಿಪ್ಪನಿ’ ಎಂದೇ. 2009ರಲ್ಲಿ ಮನುಷ್ಯರನ್ನು ಕಾಡಿದ ಎಚ್1ಎನ್1 ಜ್ವರಕ್ಕೂ ಅದೇ ಹೆಸರಿತ್ತು. ಕನ್ನಡದಲ್ಲೂ ಎರಡಕ್ಕೂ ಹಂದಿಜ್ವರವೆಂದೇ ಹೇಳುವುದು ರೂಢಿ. ಎರಡು ಭಾಷೆ ಬಲ್ಲ ಗಡಿನಾಡಿನವರಿಗೆ ಗೊಂದಲವೂ ಎರಡು ಭಾಷೆಯಲ್ಲಿ ಸಿಕ್ಕಿತೆನ್ನಬೇಕು.

ವಾಸ್ತವದಲ್ಲಿ ಇವೆರಡಕ್ಕೂ ಯಾವ ನಂಟೂ ಇಲ್ಲ. ಆಫ್ರಿಕನ್ ಹಂದಿಜ್ವರ ಹಂದಿಗಳಿಗೆ ಮಾರಕ, ಆದರೆ ಮನುಷ್ಯರಿಗೆ ತಗಲುವುದಿಲ್ಲ. ಅದರ ವೈರಸ್ ಫ್ಲೂ ವೈರಸ್‌ಗಳ ಕುಟುಂಬಕ್ಕೇ ಸೇರಿದ್ದಲ್ಲ. 2009ರ ಎಚ್1ಎನ್1 ಮಾತ್ರ ನಿಜವಾದ ಇನ್‌ಫ್ಲುಯೆಂಜಾ. ಹಂದಿ, ಹಕ್ಕಿ ಮತ್ತು ಮನುಷ್ಯರ ಫ್ಲೂ ವೈರಸ್‌ಗಳ ಅಂಶಗಳು ಬೆರೆತು ಅದು ಹುಟ್ಟಿತ್ತು. ಹಬ್ಬಿದ್ದು ಮಾತ್ರ ಮನುಷ್ಯರ ಕೆಮ್ಮು, ಸೀನುಗಳಿಂದ. ಹಂದಿಮಾಂಸ ತಿಂದು ಯಾರಿಗೂ ಬಂದದ್ದಲ್ಲ. ಆದರೂ ಹೆಸರು ಕೇಳಿಯೇ ಈಜಿಪ್ಟ್ ಸರಕಾರ ಆ ವರ್ಷ ದೇಶದ ಹಂದಿಗಳನ್ನೆಲ್ಲ ಕೊಲ್ಲಲು ಆಜ್ಞೆ ಹೊರಡಿಸಿತು. ಪಾಪದ ಹಂದಿಗಳು ಸತ್ತವು, ಜ್ವರ ನಿಲ್ಲಲಿಲ್ಲ.

ಇನ್‌ಫ್ಲುಯೆಂಜಾ ವೈರಸ್‌ಗಳಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ವಿಧಗಳಿವೆ. ಸಿ ಬರೇ ನೆಗಡಿಯಷ್ಟು ಸೌಮ್ಯ, ಡಿ ಮುಖ್ಯವಾಗಿ ದನಗಳದ್ದು. ವರ್ಷವರ್ಷ ಮನುಷ್ಯರನ್ನು ಮಲಗಿಸುವುದು ಎ ಮತ್ತು ಬಿ. ಬಿ ವಿಧದಲ್ಲಿ ಎರಡು ಕವಲುಗಳಿದ್ದವು. ಅದರಲ್ಲಿ ಯಮಗಾತ ಎಂಬುದು 2020ರ ಮಾರ್ಚ್ ನಂತರ ಜಗತ್ತಿನಲ್ಲೆಲ್ಲೂ ಖಚಿತವಾಗಿ ಪತ್ತೆಯಾಗಿಲ್ಲ. ಕೋವಿಡ್ ಕಾಲದ ಮಾಸ್ಕು, ಮನೆವಾಸದಿಂದ ಆದ ಅಪರೂಪದ ಲಾಭ ಇದೆಂದು ತಜ್ಞರ ಊಹೆ.

ಎ ವಿಧದ ಹೆಸರಿನಲ್ಲಿ ಬರುವ ಎಚ್ ಮತ್ತು ಎನ್ ಎಂದರೆ ವೈರಸ್‌ನ ಮೈಮೇಲಿನ ಎರಡು ಪ್ರೋಟೀನುಗಳು. ಎಚ್ ನಮ್ಮ ಜೀವಕೋಶದ ಬಾಗಿಲು ತೆರೆಯುವ ಕೀಲಿಕೈ. ಎನ್, ಒಳಗೆ ಹುಟ್ಟಿದ ಮರಿವೈರಸ್‌ಗಳನ್ನು ಹೊರಗೆ ಬಿಡಿಸುವ ಕತ್ತರಿ. ಒಸೆಲ್ಟಾಮಿವಿರ್ ಮಾತ್ರೆ ತಡೆಯುವುದು ಈ ಕತ್ತರಿಯನ್ನೇ. ಆಂಟಿಬಯೋಟಿಕ್ ಇವೆರಡರ ತಂಟೆಗೂ ಹೋಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗಿದರೆ ದುಡ್ಡು ದಂಡ.

ಇಂದು ಮನುಷ್ಯರ ನಡುವೆ ಸುತ್ತುತ್ತಿರುವ ಎ ವಿಧಗಳು ಎರಡೇ: ಎಚ್1ಎನ್1 ಮತ್ತು ಎಚ್3ಎನ್2. 2009ರ ‘ಹಂದಿಜ್ವರ’ ಈಗ ವರ್ಷಂಪ್ರತಿ ಬರುವ ಮಾಮೂಲಿ ಫ್ಲೂ ಆಗಿದೆ. 1968ರಿಂದ ಇರುವ ಎಚ್3ಎನ್2 ಕೂಡ ಹಳೆಯದೇ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ವೃದ್ಧರೊಬ್ಬರ ಸಾವಿನ ಸುದ್ದಿ ಬಂದಾಗ ಹೊಸ ರೋಗವೇನೋ ಎಂಬಂತೆ ಗಾಬರಿ ಹಬ್ಬಿತು. ಹಾಗೆಂದು ಮಾಮೂಲಿ ಎಂದು ಕಡೆಗಣಿಸುವಂತೆಯೂ ಇಲ್ಲ. ವೃದ್ಧರು, ಗರ್ಭಿಣಿಯರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ ಮತ್ತು ದಮ್ಮು ಇರುವವರಿಗೆ ಇದು ನ್ಯುಮೋನಿಯಕ್ಕೆ ತಿರುಗೀತು. ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಲು ತಡ ಮಾಡಬಾರದು. ವೈರಸ್ ವರ್ಷಕ್ಕಿಷ್ಟು ವೇಷ ಬದಲಿಸುವುದರಿಂದ ಲಸಿಕೆಯನ್ನೂ ವರ್ಷವರ್ಷ ಹಾಕಿಸಿಕೊಳ್ಳಬೇಕಾಗುತ್ತದೆ.

ಹಕ್ಕಿಜ್ವರದ ಲೆಕ್ಕ ಬೇರೆ. ಎಚ್5ಎನ್1 ಕೋಳಿ, ಬಾತುಕೋಳಿಗಳನ್ನು ರಾಶಿ ರಾಶಿಯಾಗಿ ಕೊಲ್ಲುತ್ತದೆ. ಮನುಷ್ಯರಿಗೆ ಬರುವುದು ಅಪರೂಪ, ಬಂದರೆ ಮಾತ್ರ ಭೀಕರ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಮಂದಿಗೆ ತಗಲಿ 6 ಮಂದಿ ತೀರಿಕೊಂಡರು. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೊಂದು ಇದಕ್ಕೆ ಬಲಿಯಾಯಿತು. ಮಗು ಹಸಿ ಕೋಳಿಮಾಂಸದ ಚೂರು ತಿಂದಿತ್ತೆಂದು ವರದಿಯಾಗಿತ್ತು. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆಯಿಂದ ಅಪಾಯವಿಲ್ಲ. 70 ಡಿಗ್ರಿ ಶಾಖಕ್ಕೆ ವೈರಸ್ ಸಾಯುತ್ತದೆ. ಅಪಾಯವಿರುವುದು ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟುವ, ಪುಕ್ಕ ಕೀಳುವ ಕೆಲಸದಲ್ಲಿ.

ಗಡಿಗ್ರಾಮಗಳಿಗೆ ತಲೆನೋವು ಶುರುವಾಗುವುದು ಇಲ್ಲಿಯೇ. ಕೇಂದ್ರದ ನಿಯಮದಂತೆ ರೋಗ ಕಂಡ ಸ್ಥಳದಿಂದ 1 ಕಿ.ಮೀ. ಒಳಗಿನ ಕೋಳಿಗಳನ್ನೆಲ್ಲ ಕೊಲ್ಲಬೇಕು, 10 ಕಿ.ಮೀ. ತನಕ ನಿಗಾ ಇಡಬೇಕು. ಈ ವೃತ್ತ ರಾಜ್ಯದ ಗಡಿರೇಖೆಯನ್ನು ನೋಡಿ ನಿಲ್ಲುವುದಿಲ್ಲ. ಒಂದು ಬದಿಯ ಆದೇಶ ಒಂದು ಭಾಷೆಯಲ್ಲಿ, ಇನ್ನೊಂದು ಬದಿಯದ್ದು ಇನ್ನೊಂದು ಭಾಷೆಯಲ್ಲಿ. ಚೆಕ್‌ಪೋಸ್ಟಿನಲ್ಲಿ ಕೋಳಿ ಲಾರಿ ತಡೆಯುವ ಉತ್ಸಾಹ, ಎರಡೂ ಬದಿಯ ಜನರಿಗೆ ಅರ್ಥವಾಗುವಂತೆ ನೋಟೀಸು ಹಚ್ಚುವುದರಲ್ಲಿ ಕಾಣುವುದಿಲ್ಲ. 2025ರ ಆರಂಭದಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲೂ ಬಳ್ಳಾರಿ ಜಿಲ್ಲೆಯಲ್ಲೂ ಹಕ್ಕಿಜ್ವರ ಕಂಡಾಗ, ನಡುವಿನ ರಾಯದುರ್ಗ, ಆದೋನಿ ಕಡೆಯವರಿಗೆ ಎರಡೂ ದಿಕ್ಕಿನ ಸುದ್ದಿಗೆ ಕಿವಿಗೊಡಬೇಕಾಯಿತು.

ಕೋಳಿ ಸಾಕುವವರು ತಿಳಿದಿರಬೇಕಾದ ಮಾತೊಂದಿದೆ. ಇಲಾಖೆ ಕೊಲ್ಲುವ ಕೋಳಿಗೆ ಪರಿಹಾರವುಂಟು, ಅದಕ್ಕೆ ಮೊದಲು ತಾನಾಗಿ ಸತ್ತದ್ದಕ್ಕೆ ಇಲ್ಲ. ಹೆದರಿ ಮುಚ್ಚಿಟ್ಟಷ್ಟು ದಿನ ನಷ್ಟ ಸಾಕಿದವರದ್ದೇ. ಒಟ್ಟೊಟ್ಟಿಗೆ ಕೋಳಿಗಳು ಸತ್ತರೆ ಹಳ್ಳಕ್ಕೆ ಎಸೆಯದೆ, ಮುಟ್ಟದೆ, ಹತ್ತಿರದ ಮೃಗಾಸ್ಪತ್ರೆಗೆ ಅಂದೇ ತಿಳಿಸುವುದು ಒಳ್ಳೆಯದು.