ಅಜ್ಜನ ಧೋತರದ ಕೌದಿ

ನಮ್ಮ ಮನೆಯ ಅಟ್ಟದ ಮೇಲಿನ ಟ್ರಂಕು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ಕೆಳಗಿಳಿಯುತ್ತದೆ. ಈ ಸಲ ಇಳಿಸಿದ್ದು ಮೊಮ್ಮಗಳ ಸಲುವಾಗಿ. ಜೂನ್ ತಿಂಗಳಿಗೆ ಅವಳು ಆರನೇ ಇಯತ್ತೆಗೆಂದು ವಸತಿ ಶಾಲೆಗೆ ಹೊರಟಿದ್ದಳು. ಹಾಸಿಗೆ, ಬಕೆಟ್ಟು, ತಟ್ಟೆ, ಲೋಟ ಎಂದು ಶಾಲೆಯವರು ಕೊಟ್ಟ ಪಟ್ಟಿಯಲ್ಲಿ ‘ಹೊದಿಕೆ ಒಂದು’ ಅಂತಲೂ ಇತ್ತು. "ಅಂಗಡೀದು ಬ್ಯಾಡ, ಅಜ್ಜನ ಅರಿವಿಯಿಂದ ಕೌದಿ ಮಾಡಿಕೊಡು" ಅಂದಳು. ನಾನೇ ನನ್ನ ಕೈಯಾರೆ ಹೊಲಿದುಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ.

ಕೌದಿ ಕಂಡಿರದ ಮಕ್ಕಳಿಗೆ ಒಂದು ಮಾತು. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಮೂರು ನಾಲ್ಕು ಪದರ ಹಾಸಿ, ಮೇಲಿನ ಪದರಕ್ಕೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲ ಪದರ ಹಿಡಿಯುವ ಹಾಗೆ ಉದ್ದಕ್ಕೂ ದಾರ ಓಡಿಸಿದರೆ ಕೌದಿ. ಹೊಸ ಬಟ್ಟೆಯಿಂದ ಇದು ಚಂದಾಗುವುದಿಲ್ಲ, ಸೂಜಿ ಒಳಗಿಳಿಯಲು ಮುನಿಸಿಕೊಳ್ಳುತ್ತದೆ.

ಮೇಲಿನ ಪದರದ ಕೆಲಸ ಹಬ್ಬದಂತೆ ಮುಗಿಯಿತು. ನೆಲದ ಮೇಲೆ ತುಂಡು ಹರವಿ ಮೊಮ್ಮಗಳೇ ಯಜಮಾನಿಕೆ ಮಾಡಿದಳು. ಅವಳ ಅಜ್ಜನ ಎರಡು ಧೋತರ, ಚೌಕಡಿ ಅಂಗಿ, ಅವಳದೇ ಅಂಗನವಾಡಿಯ ಲಂಗ. ನಮ್ಮವ್ವನ ಇಳಕಲ್ ಸೀರೆಯೂ ಸಿಕ್ಕಿತು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ನೇಕಾರರು ಎರಡರ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರೆ. ಅವ್ವನ ಸೀರೆಯ ಒಡಲು ಸವೆದು ಜಾಳಿಗೆಯಾಗಿತ್ತು, ರೇಷ್ಮೆಯ ಕೆಂಪು ಸೆರಗು ಮಾತ್ರ ಇನ್ನೂ ಗಟ್ಟಿ. ಅದು ಕೌದಿಯ ನಡುವಿಗೆ ಬಂತು.

ಮುಂದಿನದು ಪದರ ಹಿಡಿಸುವ ಹೊಲಿಗೆ. ಅಲ್ಲಿ ನಾನು ಸೋತೆ. ಮಾರ್ಚಿನಲ್ಲಿ ಕಣ್ಣಿನ ಪೊರೆ ತೆಗೆಸಿದ್ದೆ. ದೂರದ ಬೋರ್ಡು ಚಂದ ಕಾಣುತ್ತದೆ, ಕೈಯಲ್ಲಿನ ಸೂಜಿಯ ಕಣ್ಣು ಕಾಣುವುದಿಲ್ಲ. ಎರಡು ದಿನಕ್ಕೆ ಎರಡು ಸಾಲು ಆಯಿತು, ಮೂರನೇ ದಿನ ಬೆರಳು ಬಾತಿತು. ಹಿಂದೆ ಊಟ ಮುಗಿಸಿ ಕೂತರೆ ದೀಪ ಹಚ್ಚುವ ಹೊತ್ತಿಗೆ ಹತ್ತು ಸಾಲು ಹಾಕುತ್ತಿದ್ದ ಕೈ ಇದು.

ಮಗ "ಮಷಿನ್‌ಗೆ ಕೊಡೋಣ" ಅಂದ. ಮಷಿನ್ ಹೊಲಿಗೆಯ ರುಚಿ ನನಗೆ ಗೊತ್ತಿದೆ. ಹೋದ ವರ್ಷ ಒಂದು ಕೌದಿಯ ಮೇಲ್ಪದರ ಜೋಡಿಸಿ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಎರಡೇ ದಿನದಲ್ಲಿ ಬಂತು, ಸಾಲುಗಳು ಗೆರೆ ಎಳೆದಂತೆ ನೇರ. ಆದರೆ ಹೊದ್ದರೆ ಹಲಗೆ ಹೊದ್ದಂತೆ ಬಿರುಸು. ಅದಕ್ಕಿಂತ ದುಃಖ ಎಂದರೆ, ನಾಲ್ಕೂ ಕಡೆ ಸಮ ಬರಲಿ ಎಂದು ಅವರು ಒಂದು ಬದಿಯನ್ನು ಕತ್ತರಿಸಿದ್ದರು. ಹೋದದ್ದು ನಮ್ಮವರ ಧೋತರದ ಹಸಿರು ಅಂಚು. ಅದು ಬೇಕು ಎಂದು ನಾನು ಮೊದಲೇ ಹೇಳಿರಲಿಲ್ಲ, ನಿಜ. ಆದರೂ ಕತ್ತರಿ ಹಾಕುವ ಮುಂಚೆ ಒಂದು ಮಾತು ಕೇಳಬಹುದಿತ್ತಲ್ಲ!

ಅಮೆರಿಕದಲ್ಲಿರುವ ತಂಗಿಯ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅಲ್ಲಿಯೂ ಇದೇ ಕಥೆಯಂತೆ. ಬಹಳ ಮಂದಿ ಮೇಲ್ಪದರ ತಾವೇ ಜೋಡಿಸಿ, ಪದರ ಹಿಡಿಸಲು ‘ಲಾಂಗ್ ಆರ್ಮ್’ ಎಂಬ ಉದ್ದ ತೋಳಿನ ಯಂತ್ರ ಇಟ್ಟವರಿಗೆ ಕಳಿಸುತ್ತಾರೆ. ಚದರ ಇಂಚಿನ ಲೆಕ್ಕದಲ್ಲಿ ದುಡ್ಡು. ಪ್ರದರ್ಶನಕ್ಕಿಟ್ಟಾಗ ಜೋಡಿಸಿದವರ ಹೆಸರು, ಹೊಲಿದವರ ಹೆಸರು ಎರಡನ್ನೂ ಬರೆಯುವ ರೂಢಿ ಇದೆ ಎಂದಳು. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ನಮ್ಮ ಉತ್ತರ ಕನ್ನಡದ ಸಿದ್ದಿ ಹೆಂಗಸರಿಗೆ ಮಾತ್ರ ಈ ತಂಟೆಯೇ ಇಲ್ಲ. ಯಲ್ಲಾಪುರ, ಹಳಿಯಾಳದ ಕಡೆ ಕಾಡಿನಂಚಿನ ಊರುಗಳಲ್ಲಿ ಅವರು ಹೊಲಿಯುವ ಕವಂದಿಗೆ ಮೇಲ್ಪದರ ಬೇರೆ, ಹೊಲಿಗೆ ಬೇರೆ ಎಂಬುದಿಲ್ಲ. ಅಂಚಿನಿಂದ ಶುರು ಮಾಡಿ, ಒಂದೊಂದೇ ತುಂಡು ಇಡುತ್ತ, ಇಟ್ಟಲ್ಲೇ ಹೊಲಿಯುತ್ತ, ಸುತ್ತು ಹಾಕಿ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಿಚಿದ ತ್ರಿಕೋನದ ‘ಫೂಲ್’ ಇಡದಿದ್ದರೆ ಕವಂದಿ ಪೂರ್ತಿಯಾಗಲಿಲ್ಲ ಎಂದೇ ಅರ್ಥ.

ಇರಲಿ, ನನ್ನ ಕೌದಿಗೆ ಬರುತ್ತೇನೆ. ಮೇ ತಿಂಗಳ ಒಂದು ಬೆಳಿಗ್ಗೆ ಓಣಿಯಲ್ಲಿ "ಕೌದಿ ಹೊಲಸ್ತೀರೇನ್ರೀ" ಎಂಬ ಕೂಗು ಕೇಳಿತು. ಅತ್ತೆ, ಸೊಸೆ ಇಬ್ಬರು. ಪಡಸಾಲೆಯಲ್ಲಿ ಕೂರಿಸಿ ನೀರು ಕೊಟ್ಟೆ. ಅತ್ತೆ ಮೇಲ್ಪದರವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಂಚಿನಿಂದ ಒಳಗ ಸುತ್ತಿಕೊಂತ ಬರ್ತೀವ್ರಿ ಅವ್ವಾರ. ಅಂಚು ಮೊದಲ ಗಟ್ಟಿ ಆದ್ರ ಅರಿವಿ ಸರಿಯಂಗಿಲ್ಲ" ಅಂದಳು. ಕತ್ತರಿ ಹಾಕಬೇಡ ಎಂದು ಮೂರು ಸಲ ಹೇಳಿದೆ. ಆಕೆ ನಕ್ಕಳು. "ಒಂದ ಎಳಿ ಕಡಿಯಂಗಿಲ್ರಿ."

ಮೊದಲು ಎಲ್ಲ ಪದರಕ್ಕೆ ಉದ್ದುದ್ದ ಕಚ್ಚಾ ಹೊಲಿಗೆ, ಆಮೇಲೆ ಪಕ್ಕಾ ಹೊಲಿಗೆ. ಇಬ್ಬರೂ ಎದುರುಬದುರು ಕೂತು ಬೆರಳಗಲ ಬಿಟ್ಟು ಸಾಲು ಹಾಕುತ್ತಿದ್ದರು. ಕೈ ಹೊಲಿಗೆಯಲ್ಲಿ ದಾರ ಸ್ವಲ್ಪ ಸಡಿಲ ಇರುತ್ತದೆ. ಅದಕ್ಕೇ ಕೌದಿ ಮೈಗೆ ಬಾಗುತ್ತದೆ. ನಾಲ್ಕನೇ ದಿನ ಮೊಮ್ಮಗಳು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು: "ಅಜ್ಜಿ, ಹಾಸ್ಟೆಲ್‌ನ್ಯಾಗ ಕೇಳಿದ್ರ ಇದನ್ನ ನೀನ ಹೊಲದಿ ಅಂತ ಹೇಳ್ಲೋ, ಅವರು ಹೊಲದಾರ ಅಂತ ಹೇಳ್ಲೋ?"

ಕೊಟ್ಟ ಮಾತು ನೆನಪಾಗಿ ನನಗೆ ಮುಖ ಸಣ್ಣದಾಯಿತು. ಅತ್ತೆಯ ಹತ್ತಿರ ಹೋಗಿ, "ನಡುವ ಒಂದು ಗೇಣು ನಮಗ ಬಿಡವ್ವಾ" ಅಂದೆ. ಅವ್ವನ ಕೆಂಪು ಸೆರಗಿನ ಜಾಗ ಅದು. ಮೊಮ್ಮಗಳು ಸೂಜಿಗೆ ದಾರ ಪೋಣಿಸಿ ಕೊಡುವುದು, ನಾನು ಕೈಯಂದಾಜಿನಲ್ಲಿ ಚುಚ್ಚುವುದು, ನಾನು ದಣಿದರೆ ಅವಳು ಚುಚ್ಚುವುದು. ಗೇಣು ಜಾಗಕ್ಕೆ ಎರಡು ದಿನ ಹಿಡಿಯಿತು. ಸುತ್ತಲಿನ ಸಾಲುಗಳು ನೇಗಿಲು ಹೊಡೆದ ಹೊಲದಂತಿದ್ದರೆ, ನಡುವೆ ಮಳೆಗೆ ಸಿಕ್ಕಿ ಚೆದುರಿದ ಇರುವೆಗಳು! ಸೊಸೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಳು. ಅತ್ತೆ, "ಬಿಚ್ಚಿ ಹಾಕಿಕೊಡ್ಲೇನ್ರಿ?" ಎಂದು ಕೇಳಿದಳು. ಬೇಡ ಅಂದೆವು, ಇಬ್ಬರೂ ಒಟ್ಟಿಗೇ.

ಮಾತಾಡಿದ ಕೂಲಿಯ ಜೊತೆ ನಾಲ್ಕು ಸೇರು ಜೋಳ, ಒಂದೊಂದು ಕುಬಸದ ಖಣ ಕೊಟ್ಟೆ. ಅಮೆರಿಕದ ರೂಢಿ ನೆನಪಾಗಿ, ಹೊಲಿದವರೆಲ್ಲರ ಹೆಸರಿನ ಮೊದಲ ಅಕ್ಷರ ಹಿಂಬದಿಗೆ ಹಾಕೋಣ ಎಂದು ಮೊಮ್ಮಗಳಿಗೆ ಹೇಳಿದೆ. ಸೊಸೆ ತನ್ನ ಅಕ್ಷರ ತಾನೇ ಬರೆದಳು. ಅತ್ತೆ ಮಾತ್ರ, "ನನಗ ಅಕ್ಷರ ಬ್ಯಾಡ ತಂಗಿ, ಒಂದು ಹೂವ ಹಾಕು" ಅಂದಳು.

ಮೊಮ್ಮಗಳು ಹಳದಿ ದಾರದಲ್ಲಿ ಹೂವು ಹಾಕಿದ್ದಾಳೆ. ಜೇಡರ ಹುಳುವಿನಂತೆ ಕಾಣುತ್ತದೆ. ಮೊನ್ನೆ ಭಾನುವಾರ ಹಾಸ್ಟೆಲಿನಿಂದ ಫೋನು ಮಾಡಿದಾಗ, ರಾತ್ರಿ ಆ ಬದಿಯನ್ನೇ ಮೇಲೆ ಮಾಡಿ ಹೊದೆಯುತ್ತೇನೆ ಎಂದಳು.